ಮಗಳಿಗೊಂದು ಪತ್ರ: ನನ್ನ ತಟ್ಟೆ ನೋಡಿ ಊಟ ಮಾಡಬೇಡ

ಪುಟ್ಟಿ,

ಎದುರಿಗೆ ಕೂತು ಹೇಳಿದರೆ ‘ಶುರುವಾಯ್ತು ಅಮ್ಮನ ಭಾಷಣ’ ಅಂತ ಇಯರ್‌ಫೋನ್ ಹಾಕಿಕೊಳ್ಳುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಮೊಬೈಲಿನ ಆ ಆಪ್ ದಿನಕ್ಕೆ 1200 ಕ್ಯಾಲೊರಿ ಸಾಕು ಅನ್ನುತ್ತಿದೆ. ಅದರಲ್ಲಿ ವಯಸ್ಸು 18 ಅಂತ ಹಾಕಿದ್ದೀಯ, ಇಲ್ಲದಿದ್ದರೆ ಒಳಗೇ ಬಿಡಲ್ವಂತೆ. ನಿನಗಿನ್ನೂ 15. ಈ ವಯಸ್ಸಲ್ಲಿ 50 ಕೆ.ಜಿ. ತೂಗುವ ಹುಡುಗಿ ದಿನವಿಡೀ ಸುಮ್ನೆ ಮಲಗಿದ್ದರೂ ಉಸಿರಾಟ, ಎದೆಬಡಿತ, ಮೈ ಬಿಸಿ ಇಷ್ಟಕ್ಕೇ ಸುಮಾರು 1350 ಬೇಕು. ನೀನೇನು ಮಲಗಿರುತ್ತೀಯಾ? ಹಗಲೆಲ್ಲ ಸ್ಕೂಲು, ಸಂಜೆ ಜಯನಗರದಲ್ಲಿ ಬಾಸ್ಕೆಟ್‌ಬಾಲ್, ಲಿಫ್ಟ್ ಕೆಟ್ಟ ದಿನ ಮೂರು ಮಹಡಿ ಮೆಟ್ಟಿಲು. ಇದರ ಮೇಲೆ ಬೆಳೆಯುವ ಮೂಳೆ ಬೇರೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2020ರ ಲೆಕ್ಕದಲ್ಲಿ 13ರಿಂದ 15 ವರ್ಷದ ಹುಡುಗಿಯರಿಗೆ ದಿನಕ್ಕೆ 2400 ಕ್ಯಾಲೊರಿ. 16ರಿಂದ 18ರವರೆಗೆ 2500. ನಿನ್ನ ಅಣ್ಣನ ವಯಸ್ಸಿನ ಹುಡುಗರಿಗೆ 3320! ರಾತ್ರಿ ಹನ್ನೊಂದಕ್ಕೆ ಅವನು ಅಡುಗೆಮನೆ ಜಾಲಾಡುವುದು ಕೊಬ್ಬಿಗಲ್ಲ ಬಿಡು. ಎತ್ತರ, ಆಟ ನೋಡಿಕೊಂಡು ಒಬ್ಬೊಬ್ಬರಿಗೆ ಹೆಚ್ಚುಕಡಿಮೆ ಆಗುತ್ತದೆ, ನಿಜ. ಆದರೆ ದಿನಾ ಕೂತೇ ಕೆಲಸ ಮಾಡುವ ನನ್ನಂಥವಳಿಗೇ 1660 ಅಂತಾರೆ. ನಾನು ಎರಡು ಚಪಾತಿ ತಿಂದು ಎದ್ದರೆ ನೀನೂ ಏಳುತ್ತೀಯಲ್ಲ, ಅದು ಸರಿಯಲ್ಲ.

2400 ಅಂದರೆ ಬೆಟ್ಟದಷ್ಟು ಅನ್ನ ಅಂದುಕೊಳ್ಳಬೇಡ. 100 ಗ್ರಾಂ ರಾಗಿ ಹಿಟ್ಟಿನ ಮುದ್ದೆಯಲ್ಲೇ 320ರ ಹತ್ತಿರ ಇದೆ, ಕ್ಯಾಲ್ಸಿಯಂ ಬೇರೆ 350 ಮಿಲಿಗ್ರಾಂ ಆಸುಪಾಸು. ಜೊತೆಗೆ ಬಸ್ಸಾರು, ಕಾಳಿನ ಪಲ್ಯ, ಒಂದು ಚಮಚ ತುಪ್ಪ. ತುಪ್ಪ ಕಂಡರೆ ಯಾಕಷ್ಟು ಭಯ? ಗ್ರಾಂಗೆ 9 ಕ್ಯಾಲೊರಿ ಅನ್ನುವುದೇ ಅದರ ಉಪಯೋಗ. ಬೇಕರಿಯ ಪಫ್ಸ್ ಯಾವಾಗಲಾದರೂ ತಿನ್ನು, ಬೇಡ ಅನ್ನಲ್ಲ. ಅದನ್ನೇ ಮಧ್ಯಾಹ್ನದ ಊಟ ಮಾಡಿಕೊಳ್ಳಬೇಡ, ಅಷ್ಟೇ.

ಇನ್ನೊಂದು ವಿಷಯ. ನಿನ್ನ ವಯಸ್ಸಿಗೆ ದಿನಕ್ಕೆ 30 ಮಿಲಿಗ್ರಾಂ ಕಬ್ಬಿಣದಂಶ ಬೇಕು. ಊಟದ ಜೊತೆ ಟೀ ಕುಡಿದರೆ ಅದು ಮೈಗೆ ಸರಿಯಾಗಿ ಹತ್ತುವುದಿಲ್ಲ. ಸೊಪ್ಪಿನ ಪಲ್ಯಕ್ಕೆ ನಿಂಬೆ ಹಿಂಡಿದರೆ ಹತ್ತುತ್ತದೆ. ಟೀ ಒಂದು ಗಂಟೆ ಬಿಟ್ಟು ಕುಡಿ.

ಎರಡು ತಿಂಗಳಿಂದ ಪಿರಿಯಡ್ಸ್ ಸರಿಯಾಗಿ ಆಗುತ್ತಿಲ್ಲ ಅಂತ ಅಕ್ಕನ ಹತ್ತಿರ ಹೇಳಿದೆಯಂತೆ. ಊಟ ಕಡಿಮೆಯಾದರೂ ಹಾಗಾಗುತ್ತದೆ, ಬೇರೆ ಕಾರಣವೂ ಇರಬಹುದು. ಬೈಯಲ್ಲ. ಶನಿವಾರ ಸಂಜೆ ಡಾಕ್ಟರ ಹತ್ತಿರ ಹೋಗೋಣ, ಅಪಾಯಿಂಟ್‌ಮೆಂಟ್ ತೆಗೆದುಕೊಂಡಿದ್ದೇನೆ. ಪ್ರಾಕ್ಟೀಸ್ ಬೇಗ ಮುಗಿಸಿ ಬಾ.

ಅಮ್ಮ