ಬಿಸಿಲು ಹಗಲಿಗಿರಲಿ, ವಾರಾಹಿ ಸಂಜೆಗಿರಲಿ

ಮಾನ್ಯ ಸಂಪಾದಕರೇ,

ನವೀಕರಿಸಬಹುದಾದ ಇಂಧನದ ಮಾತು ಬಂದಾಗಲೆಲ್ಲ ಪಾವಗಡದ ಸೌರ ಪಾರ್ಕು, ಗದಗ–ಚಿತ್ರದುರ್ಗದ ಗಾಳಿಯಂತ್ರಗಳ ಹೆಸರು ಬರುತ್ತದೆಯೇ ಹೊರತು ಉಡುಪಿ, ದಕ್ಷಿಣ ಕನ್ನಡದ ಹೆಸರು ಬರುವುದಿಲ್ಲ. ವರ್ಷದಲ್ಲಿ ನಾಲ್ಕು ತಿಂಗಳು ಮೋಡ ಕವಿದಿರುವ, ಖಾಲಿ ಜಾಗವೇ ಇಲ್ಲದ ಕರಾವಳಿಯಲ್ಲಿ ಸೋಲಾರ್ ಎಲ್ಲಿ ಆದೀತು ಎಂಬ ಉತ್ತರ ಎಲ್ಲರ ಬಾಯಲ್ಲೂ ಸಿದ್ಧವಾಗಿದೆ. ಇದರಲ್ಲಿ ಜಾಗದ ಮಾತು ನಿಜ, ಮೋಡದ ಮಾತು ಅರ್ಧ ನಿಜ. ಸರ್ಕಾರಿ ವಿದ್ಯುತ್ ಸಂಸ್ಥೆಗಳು ಈ ಉತ್ತರದ ಮರೆಯಲ್ಲಿ ನಿಂತು, ತಾವೇ ಮಾಡಬಹುದಾದ ಕೆಲಸವನ್ನು ಗ್ರಾಹಕರಿಗೂ ಖಾಸಗಿಯವರಿಗೂ ಬಿಟ್ಟುಕೊಟ್ಟಿವೆ ಎಂಬುದು ನನ್ನ ದೂರು.

ಮೊದಲು ಜಾಗದ ವಿಷಯ. ಪಾವಗಡದಲ್ಲಿ 2,050 ಮೆಗಾವ್ಯಾಟ್‌ಗಾಗಿ ಸುಮಾರು 13,000 ಎಕರೆ ಬೇಕಾಯಿತು. ಬರದಿಂದ ಬಳಲಿದ್ದ ಅಲ್ಲಿನ ರೈತರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯ ಗೇಣಿ ಒಂದು ಆಸರೆಯಾಗಿ ಕಂಡದ್ದರಲ್ಲಿ ಆಶ್ಚರ್ಯವಿಲ್ಲ. ನಮ್ಮಲ್ಲಿ ಅಡಿಕೆ ತೋಟದ ನಡುವೆ ಒಂದು ಹೈಟೆನ್ಷನ್ ಲೈನ್ ಹಾದುಹೋಗುತ್ತದೆಂದರೆ ಊರಿಗೆ ಊರೇ ಎದ್ದು ನಿಲ್ಲುತ್ತದೆ. ಉಡುಪಿ–ಕಾಸರಗೋಡು 400 ಕಿಲೋವೋಲ್ಟ್ ಮಾರ್ಗದ ವಿರುದ್ಧ ಕೃಷಿಕರು ಮಾಡಿದ ಹೋರಾಟವನ್ನು ನಿಮ್ಮ ಓದುಗರಿಗೆ ನೆನಪಿಸಬೇಕಾಗಿಲ್ಲ. ಉಳಿದದ್ದು ಮುರಕಲ್ಲಿನ ಪದವುಗಳು, ಅಂದರೆ ಗುಡ್ಡದ ಮೇಲಿನ ಬಯಲುಗಳು. ಅವು ಪಾಳುಬಿದ್ದ ಜಾಗದಂತೆ ಕಂಡರೂ ಕೆಳಗಿನ ಬಾವಿಗಳಿಗೆ ನೀರಿಳಿಸುವ ನೆಲವಾದ್ದರಿಂದ ಅವುಗಳ ಮೇಲೆ ಪ್ಯಾನೆಲ್ ಹಾಸುವುದನ್ನು ನಾನಂತೂ ಒಪ್ಪಲಾರೆ. ಹೀಗಾಗಿ ಕರಾವಳಿಗೆ ಇರುವುದು ಮಾಡು (ಛಾವಣಿ) ಮಾತ್ರ: ಮನೆಯ ತಾರಸಿ, ಶಾಲೆ–ಕಾಲೇಜು, ಆಸ್ಪತ್ರೆ, ಸಹಕಾರಿ ಸಂಘದ ಗೋದಾಮು, ಮೀನುಗಾರಿಕಾ ಬಂದರಿನ ಹರಾಜು ಕಟ್ಟೆ, ವಿದ್ಯುತ್ ಸಂಸ್ಥೆಯದೇ ಸಬ್‌ಸ್ಟೇಷನ್ ಮತ್ತು ಕಚೇರಿಗಳು.

ಇನ್ನು ಮೋಡ. ಉಡುಪಿಯ ನನ್ನ ಮನೆಯ ತಾರಸಿಯಲ್ಲಿ ಮೂರು ಕಿಲೋವ್ಯಾಟ್‌ನ ಪ್ಯಾನೆಲ್‌ಗಳಿವೆ. ಇನ್ವರ್ಟರ್ ತೋರಿಸುವ ಅಂಕಿಯನ್ನು ಸಂಜೆಗೊಮ್ಮೆ ಗೋಡೆಯ ಪಂಚಾಂಗದ ಚೌಕದಲ್ಲಿ ಬರೆದಿಡುವ ಅಭ್ಯಾಸ ನನ್ನದು. ಮಾರ್ಚ್–ಏಪ್ರಿಲ್‌ನಲ್ಲಿ ದಿನಕ್ಕೆ ಹನ್ನೆರಡು, ಹದಿಮೂರು ಯೂನಿಟ್ ಬರೆಯುವ ಕೈ ಜುಲೈ–ಆಗಸ್ಟ್‌ನ ಆಟಿ ತಿಂಗಳ ಧಾರಾಕಾರ ಮಳೆಯಲ್ಲಿ ಎರಡೋ ಮೂರೋ ಎಂದು ಬರೆಯುತ್ತದೆ. ಇಷ್ಟನ್ನೇ ನೋಡಿದವರಿಗೆ ಸೋಲಾರ್ ಇಲ್ಲಿಗೆ ಹೇಳಿ ಮಾಡಿಸಿದ್ದಲ್ಲ ಎನಿಸುವುದು ಸಹಜ. ಆದರೆ ಅದೇ ಪಂಚಾಂಗದ ಪಕ್ಕದಲ್ಲಿ ಊರಿನ ಬೇಡಿಕೆಯನ್ನೂ ಇಟ್ಟು ನೋಡಬೇಕು. ನಮ್ಮಲ್ಲಿ ಕರೆಂಟಿನ ಪರದಾಟ ಜುಲೈಯದಲ್ಲ, ಮೇ ಕೊನೆಯಲ್ಲಿ ಬರುವ ಪತ್ತನಾಜೆಗೆ ಹಿಂದಿನ ಮೂರು ತಿಂಗಳದ್ದು. ಸೆಕೆಗೆ ಮನೆಮನೆಯಲ್ಲೂ ಫ್ಯಾನು, ಎಸಿ ತಿರುಗುವುದೂ, ಹೊಳೆ–ಬಾವಿ ಬತ್ತುವ ಮೊದಲು ತೋಟಕ್ಕೆ ನೀರು ಬಿಡಬೇಕೆಂದು ಪಂಪುಗಳು ಒಟ್ಟಿಗೇ ಓಡುವುದೂ ಆಗಲೇ. ಮಲ್ಪೆ, ಮಂಗಳೂರು, ಗಂಗೊಳ್ಳಿಗಳ ಐಸ್ ಪ್ಲಾಂಟ್‌ಗಳನ್ನೇ ತೆಗೆದುಕೊಳ್ಳಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ ಬೋಟುಗಳು ದಡ ಸೇರುತ್ತವೆ, ಐಸಿನ ಬೇಡಿಕೆ ಇಳಿಯುತ್ತದೆ. ಪ್ಯಾನೆಲ್ ಮಂಕಾಗುವುದೂ ಅದೇ ದಿನಗಳಲ್ಲಿ. ಜೊತೆಗೆ ಮುಂಗಾರು ಜೋರಾದಂತೆ ಘಟ್ಟದ ಮೇಲಿನ ಗಾಳಿಯಂತ್ರಗಳ ಉತ್ಪಾದನೆ ಏರುತ್ತದೆ, ಜಲಾಶಯಗಳಿಗೆ ನೀರು ಬರುತ್ತದೆ. ಅಂದರೆ ಬಿಸಿಲು ಕೈಕೊಡುವ ತಿಂಗಳುಗಳಲ್ಲಿ ನಮ್ಮ ಅಗತ್ಯ ಕಡಿಮೆ, ಬೇರೆ ಮೂಲಗಳ ಬಲ ಹೆಚ್ಚು. ಇಷ್ಟು ಹೊಂದಾಣಿಕೆ ತಾನಾಗಿಯೇ ಇರುವ ಪ್ರದೇಶವನ್ನು ಸೌರಶಕ್ತಿಗೆ ಯೋಗ್ಯವಲ್ಲವೆನ್ನುವುದು ಸರಿಯಾದ ಲೆಕ್ಕವಲ್ಲ.

ಕೊರತೆ ನಿಜವಾಗಿ ಇರುವುದು ಸಂಜೆಯ ಹೊತ್ತಿಗೆ. ಯಕ್ಷಗಾನ, ಕೋಲ, ಮದುವೆಯ ಹಿಂದಿನ ರಾತ್ರಿಯ ಔತಣ ಎಂದು ನಮ್ಮ ಬೇಸಗೆಯ ದೀಪಗಳೆಲ್ಲ ಸೂರ್ಯ ಮುಳುಗಿದ ಮೇಲೆಯೇ ಹೊತ್ತಿಕೊಳ್ಳುವಂಥವು. ಅದಕ್ಕೆ ದುಬಾರಿ ಬ್ಯಾಟರಿಗಳೇ ಬೇಕೆಂದು ಹೇಳುವವರು ಉಡುಪಿ ಜಿಲ್ಲೆಯ ಹೊಸಂಗಡಿಯಲ್ಲಿ ಬೆಟ್ಟದ ಹೊಟ್ಟೆಯೊಳಗೆ ಇರುವ ವಾರಾಹಿ ಭೂಗರ್ಭ ವಿದ್ಯುದಾಗಾರವನ್ನು ಮರೆತಿದ್ದಾರೆ. ತಲಾ 115 ಮೆಗಾವ್ಯಾಟ್‌ನ ನಾಲ್ಕು ಘಟಕಗಳು, ಒಟ್ಟು 460 ಮೆಗಾವ್ಯಾಟ್. ಮೊದಲಿನ ಎರಡು 1989–90ರಲ್ಲಿ, ಉಳಿದೆರಡು 2009ರಲ್ಲಿ ಬಂದವು. ಕಲ್ಲಿದ್ದಲಿನ ಸ್ಥಾವರವನ್ನು ಬಿಸಿಮಾಡಿ ಚಾಲೂ ಮಾಡಲು ಗಂಟೆಗಟ್ಟಲೆ ಬೇಕು. ಇಂಥ ಜಲವಿದ್ಯುತ್ ಘಟಕವನ್ನು ಕೆಲವೇ ನಿಮಿಷಗಳಲ್ಲಿ ಎಬ್ಬಿಸಬಹುದು, ಹಾಗೆಯೇ ಮಲಗಿಸಲೂಬಹುದು. ಬೇಸಗೆಯ ಹಗಲಿನಲ್ಲಿ ಕರಾವಳಿಯ ಮಾಡುಗಳು ಕೊಡುವ ಪ್ರತಿ ಯೂನಿಟ್‌ಗೂ ಪ್ರತಿಯಾಗಿ ಈ ವಿದ್ಯುದಾಗಾರಕ್ಕೆ ನೀರುಣಿಸುವ ಮಾಣಿ ಜಲಾಶಯದಲ್ಲಿ ಅಷ್ಟು ನೀರನ್ನು ಉಳಿಸಿಕೊಂಡು ಸಂಜೆ ಏಳರಿಂದ ಹತ್ತರ ನಡುವೆ ಬಿಟ್ಟರೆ, ಕಟ್ಟಿ ಮುಗಿದಿರುವ ಅಣೆಕಟ್ಟೇ ಬ್ಯಾಟರಿಯ ಕೆಲಸ ಮಾಡುತ್ತದೆ. ಈಗಲೂ ಸಂಜೆಯ ಬೇಡಿಕೆಗೆ ಜಲವಿದ್ಯುತ್ತನ್ನು ಬಳಸುತ್ತಾರೆಂಬುದು ನನಗೆ ಗೊತ್ತು; ಬಿಸಿಲಿರುವ ಹಗಲಿನಲ್ಲೂ ಅದನ್ನು ಓಡಿಸಬೇಕಾದ ಸಂದರ್ಭ ಎಷ್ಟು ಕಡಿಮೆಯಾದರೆ ಅಷ್ಟು ಲಾಭ ಎಂಬುದಷ್ಟೇ ನನ್ನ ವಾದ. ವಿದ್ಯುದಾಗಾರದಿಂದ ಹೊರಬಂದ ನೀರು ಮುಂದೆ ಹೊರಿಯಬ್ಬೆಯ ಒಡ್ಡಿನಿಂದ ಕಾಲುವೆಗೆ ಹೋಗುವುದರಿಂದ ಕೆಳಗಿನ ಕೃಷಿಕರ ಪಾಲಿಗೆ ತೊಂದರೆಯಾಗದ ವೇಳಾಪಟ್ಟಿ ಬೇಕು. ಅದು ಇಂಜಿನಿಯರುಗಳಿಗೆ ಕಷ್ಟದ ಕೆಲಸವೇನಲ್ಲ. ಶರಾವತಿ ಕಣಿವೆಯಲ್ಲಿ ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ (ಕೆಳಗಿನ ನೀರನ್ನು ಮೇಲಕ್ಕೆತ್ತಿಟ್ಟು ಬೇಕಾದಾಗ ಬಿಟ್ಟು ವಿದ್ಯುತ್ ಪಡೆಯುವ) ಯೋಜನೆಗಾಗಿ ಸಿಂಗಳೀಕಗಳ ಕಾಡಿಗೆ ಕೈಹಾಕುವ ಮೊದಲು, ಈಗಾಗಲೇ ಇರುವ ಜಲಾಶಯಗಳ ನೀರನ್ನು ಸಂಜೆಗೆಂದು ಎಷ್ಟು ಉಳಿಸಬಹುದೆಂಬ ಲೆಕ್ಕವನ್ನು ಜನರ ಮುಂದಿಡಬೇಕಿತ್ತು.

ಮಾಡುಗಳ ವಿಷಯಕ್ಕೆ ಬರುತ್ತೇನೆ. ಮನೆಗಳಿಗೆ ಈಗ ಕೇಂದ್ರದ ಸೂರ್ಯಘರ್ ಯೋಜನೆಯಲ್ಲಿ ಎರಡು ಕಿಲೋವ್ಯಾಟ್‌ಗೆ 60,000, ಮೂರು ಮತ್ತು ಅದಕ್ಕಿಂತ ಹೆಚ್ಚಿನದಕ್ಕೆ 78,000 ರೂಪಾಯಿ ಸಹಾಯಧನವಿದೆ. ಇತ್ತ ರಾಜ್ಯದ ಗೃಹಜ್ಯೋತಿಯಲ್ಲಿ 2023ರಿಂದ 200 ಯೂನಿಟ್‌ವರೆಗೆ ವಿದ್ಯುತ್ ಉಚಿತ. ತಿಂಗಳ ಬಿಲ್ ಸೊನ್ನೆ ಎಂದು ಬರುವ ಮನೆಯ ಯಜಮಾನ, ಸಹಾಯಧನ ಕಳೆದು ಉಳಿದ ಹಣವನ್ನಾದರೂ ಯಾಕೆ ಹಾಕಿಯಾನು? ಅವನನ್ನು ದೂರಿ ಫಲವಿಲ್ಲ, ಉಚಿತ ವಿದ್ಯುತ್ತನ್ನು ನಿಲ್ಲಿಸಿ ಎಂದು ಹೇಳಲೂ ನಾನು ಈ ಪತ್ರ ಬರೆಯುತ್ತಿಲ್ಲ. ಆದರೆ ಆ ಸೊನ್ನೆ ಬಿಲ್ಲಿನ ಹಿಂದೆ ಸರ್ಕಾರ ವಿತರಣಾ ಕಂಪೆನಿಗೆ ತುಂಬಿಕೊಡುವ ಹಣವಿದೆ. ಅಂಥ ಮನೆಯ ತಾರಸಿಯಲ್ಲಿ ಕಂಪೆನಿಯೇ ತನ್ನ ಖರ್ಚಿನಲ್ಲಿ ಪ್ಯಾನೆಲ್ ಹಾಕಿ, ವಿದ್ಯುತ್ತನ್ನು ತಾನೇ ತೆಗೆದುಕೊಂಡು, ಮಾಡಿನ ಒಡೆಯನಿಗೆ ಒಂದು ಪಾಲು ಕೊಟ್ಟರೆ ಆ ಹೊರೆ ವರ್ಷದಿಂದ ವರ್ಷಕ್ಕೆ ಹಗುರವಾಗುತ್ತದೆ. ಇದು ನನ್ನ ಕಲ್ಪನೆಯಲ್ಲ. ಗಡಿಯಾಚೆ ಕೇರಳದ ವಿದ್ಯುತ್ ಮಂಡಳಿ ತನ್ನ ‘ಸೌರ’ ಯೋಜನೆಯ ಒಂದು ಮಾದರಿಯಲ್ಲಿ ಇದನ್ನೇ ಮಾಡಿತು, ಉತ್ಪಾದನೆಯ ಹತ್ತನೇ ಒಂದು ಪಾಲನ್ನು ಮನೆಯವರಿಗೆ ಬಿಟ್ಟುಕೊಟ್ಟಿತು. ತಲಪಾಡಿಯ ಆಚೆಗೂ ಈಚೆಗೂ ಸುರಿಯುವ ಮಳೆ ಒಂದೇ. ಸೂರ್ಯಘರ್‌ನ ಮಾರ್ಗಸೂಚಿಯಲ್ಲೂ ವಿತರಣಾ ಕಂಪೆನಿಯೇ ಮುಂದೆ ನಿಂತು ಮನೆಗಳ ಪರವಾಗಿ ಪ್ಯಾನೆಲ್ ಹಾಕಿಸುವ ಮಾದರಿಗೆ ಅವಕಾಶವಿದೆ.

ನಮ್ಮ ಸರ್ಕಾರಿ ಸಂಸ್ಥೆಗಳಿಗೆ ಇದು ಹೊಸ ವಿದ್ಯೆಯೂ ಅಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಸಿದ ನಾಡಿದು. 1970ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯುತ್ ನಿಗಮವು ದೇಶದ ಮೊದಲ ಮೆಗಾವ್ಯಾಟ್ ಗಾತ್ರದ ಸೌರ ಸ್ಥಾವರಗಳಲ್ಲಿ ಒಂದನ್ನು 2010ರ ಹೊತ್ತಿಗೇ ಕೋಲಾರ ಜಿಲ್ಲೆಯ ಯಳೇಸಂದ್ರದಲ್ಲಿ ನಿಲ್ಲಿಸಿತ್ತು. ಅದರ ನಂತರ ರಾಜ್ಯಕ್ಕೆ ಬಂದ ಸಾವಿರಾರು ಮೆಗಾವ್ಯಾಟ್ ಸೌರ ವಿದ್ಯುತ್ತಿನ ಬಹುಪಾಲು ಖಾಸಗಿಯವರದಾಯಿತು. ಸರ್ಕಾರಿ ಸಂಸ್ಥೆಗಳು ಜಮೀನು ಹೊಂದಿಸಿ, ಲೈನ್ ಎಳೆದು, ಖರೀದಿಗೆ ಸಹಿ ಹಾಕುವವರಾಗಿ ಉಳಿದವು. ಹೊರಗಿನ ಇಂಧನವನ್ನು ನಂಬಿದರೆ ಏನಾಗುತ್ತದೆಂದು ಮಂಗಳೂರಿಗಿಂತ ಚೆನ್ನಾಗಿ ಬಲ್ಲ ಊರು ಬೇರೆ ಇರಲಾರದು. ತಣ್ಣೀರುಬಾವಿಯಲ್ಲಿ 2001ರಲ್ಲಿ ತೇಲುವ ಬಾರ್ಜ್‌ಗಳ ಮೇಲೆ ಬಂದ 220 ಮೆಗಾವ್ಯಾಟ್‌ನ ನಾಫ್ತಾ ಸ್ಥಾವರ ಒಂದು ದಶಕದೊಳಗೇ ಲಂಗರು ಕಿತ್ತು ಕಾಕಿನಾಡಕ್ಕೆ ಹೋಯಿತು. ಉಡುಪಿ ಜಿಲ್ಲೆಯ ಎಲ್ಲೂರಿನ 1,200 ಮೆಗಾವ್ಯಾಟ್ ಸ್ಥಾವರದ ಕಲ್ಲಿದ್ದಲು ಇಂದಿಗೂ ಹಡಗಿನಲ್ಲಿ ಬರಬೇಕು.

ಕೇಂದ್ರ ಸರ್ಕಾರದ ಆದೇಶದಂತೆ ವಿತರಣಾ ಕಂಪೆನಿಗಳು 2029–30ರ ಹೊತ್ತಿಗೆ ತಾವು ಪೂರೈಸುವ ವಿದ್ಯುತ್ತಿನಲ್ಲಿ ಶೇ 43.33ರಷ್ಟನ್ನು ನವೀಕರಿಸಬಹುದಾದ ಮೂಲಗಳಿಂದ ತರಬೇಕು, ಅದರೊಳಗೆ ಒಟ್ಟು ಪೂರೈಕೆಯ ಶೇ 4.5ರಷ್ಟು ಭಾಗ ಹೀಗೆ ಅಲ್ಲಲ್ಲಿ ಚದುರಿದ ಸಣ್ಣ ಸ್ಥಾವರಗಳದ್ದಾಗಿರಬೇಕು. ದಕ್ಷಿಣ ಕನ್ನಡ, ಉಡುಪಿ, ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳನ್ನು ನೋಡಿಕೊಳ್ಳುವ ಮೆಸ್ಕಾಂ ಆ ಭಾಗವನ್ನು ಮಾಡಿನ ಮೇಲಲ್ಲದೆ ಬೇರೆಲ್ಲಿ ಹುಡುಕೀತು?

ಕೆಲಸ ಹೇಳಿದಷ್ಟು ಸುಲಭವಲ್ಲ ಎಂಬುದನ್ನೂ ಒಪ್ಪಬೇಕು. ಇಲ್ಲಿನ ಉಪ್ಪುಗಾಳಿಗೆ ಅಗ್ಗದ ಕಬ್ಬಿಣದ ಚೌಕಟ್ಟು ಮೂರನೇ ಮಳೆಗಾಲಕ್ಕೇ ತುಕ್ಕು ಹಿಡಿದು ಬೋಲ್ಟುಗಳು ಉದುರತೊಡಗುತ್ತವೆ. ಗ್ಯಾಲ್ವನೈಸ್ ಮಾಡಿದ್ದು ಅಥವಾ ಅಲ್ಯೂಮಿನಿಯಂ ಬೇಕು. ಸೋರಿಕೆಗೆ ಹೆದರಿ ಅರ್ಧ ಊರೇ ತಾರಸಿಯ ಮೇಲೆ ತಗಡಿನ ಮಾಡು ಹಾಕಿಸಿಕೊಂಡಿದೆ, ಹಳೆಯ ಮನೆಗಳಿಗೆ ಮಂಗಳೂರು ಹಂಚು. ಬಯಲುಸೀಮೆಗೆ ಬರೆದ ಟೆಂಡರಿನ ಷರತ್ತುಗಳನ್ನೇ ಇಲ್ಲಿಗೂ ನಕಲು ಮಾಡಿದರೆ ಮೊದಲ ಗಾಳಿಮಳೆಗೆ ಮರ್ಯಾದೆ ಹೋಗುತ್ತದೆ. ಇನ್ನೊಂದು ಸಂಗತಿಯನ್ನು ಪ್ಯಾನೆಲ್ ಮಾರುವವರು ಮೊದಲೇ ಹೇಳುವುದಿಲ್ಲ. ಬ್ಯಾಟರಿಯಿಲ್ಲದ ಮನೆಯಲ್ಲಿ ಲೈನ್ ಹೋದೊಡನೆ, ಸೂರ್ಯ ನೆತ್ತಿಯ ಮೇಲಿದ್ದರೂ ಸೋಲಾರ್ ಕೂಡ ನಿಲ್ಲುತ್ತದೆ. ಕಂಬ ಹತ್ತಿದ ಪವರ್‌ಮ್ಯಾನ್‌ಗೆ ನಮ್ಮ ತಾರಸಿಯಿಂದ ಹರಿದ ಕರೆಂಟ್ ಹೊಡೆಯಬಾರದೆಂಬ ಕಾರಣಕ್ಕೆ ಇನ್ವರ್ಟರನ್ನು ಹಾಗೆಯೇ ರೂಪಿಸಿರುತ್ತಾರೆ, ಅದು ಸರಿಯೂ ಹೌದು. ಆದರೆ ಮರ ಬಿದ್ದು ಲೈನ್ ಕಡಿಯುವುದು ನಿತ್ಯದ ಮಾತಾಗಿರುವ ನಮ್ಮ ಹಳ್ಳಿಗಳಲ್ಲಿ ಲೈನ್ ಕೆಟ್ಟಷ್ಟು ಹೊತ್ತು ಬಿಸಿಲೂ ವ್ಯರ್ಥ. ಆದ್ದರಿಂದ ಹೊದಿಕೆಯಿರುವ ತಂತಿ, ಗಟ್ಟಿ ಕಂಬ, ಕೊಂಬೆ ಸವರುವ ಕೆಲಸಗಳನ್ನು ಸೌರ ಯೋಜನೆಯ ಖರ್ಚಿನಲ್ಲೇ ಸೇರಿಸಬೇಕು.

ಯಾವ ಟ್ರಾನ್ಸ್‌ಫಾರ್ಮರ್ ಇನ್ನೆಷ್ಟು ಕಿಲೋವ್ಯಾಟ್ ಸೋಲಾರ್ ತಾಳೀತು ಎಂಬುದು ಅರ್ಜಿ ಹಾಕಿ ಕಾಯುವವರೆಗೂ ಸಾಮಾನ್ಯ ಗ್ರಾಹಕನಿಗೆ ತಿಳಿಯುವುದಿಲ್ಲ. ಪ್ರತಿ ಶಾಖಾ ಕಚೇರಿಯ ಗೋಡೆಯ ಮೇಲೆ ಆ ಪಟ್ಟಿಯನ್ನು ಹಾಕಿ, ಜಾಗವಿರುವ ಕಡೆ ಮೊದಲು ಸರ್ಕಾರಿ ಶಾಲೆ, ಪ್ರಾಥಮಿಕ ಆರೋಗ್ಯ ಕೇಂದ್ರ, ಸಬ್‌ಸ್ಟೇಷನ್‌ಗಳ ಮಾಡಿನ ಮೇಲೆ ಕಂಪೆನಿಯೇ ತನ್ನ ಪ್ಯಾನೆಲ್ ಏರಿಸಲಿ. ತೆನೆ ಹಬ್ಬ ಕಳೆದು ಬಿಸಿಲು ಬಂದೊಡನೆ ಆರಂಭಿಸಿದರೆ ಮುಂದಿನ ಬೇಸಗೆಯ ಸೆಕೆಗೆ ಒಂದಷ್ಟು ಸಿದ್ಧವಾಗಿರುತ್ತದೆ.

– ಒಬ್ಬ ವಿದ್ಯುತ್ ಗ್ರಾಹಕ, ಉಡುಪಿ