ಕೊನೆಯ ಚೆಂಡು ಯಾರ ಕೈಗೆ?

ಮಾನ್ಯ ಸಂಪಾದಕರೇ,

ಬ್ಯಾಸ್ಕೆಟ್‌ಬಾಲ್ ಪಂದ್ಯ ಒಂದೆರಡು ಅಂಕಗಳ ಅಂತರದಲ್ಲಿ ಮುಗಿದಾಗಲೆಲ್ಲ ವರದಿಯಲ್ಲಿ ಒಂದೇ ಹೆಸರು ಎದ್ದು ಕಾಣುತ್ತದೆ. ಕೊನೆಯ ಶಾಟ್ ಬಿದ್ದರೆ ಆತ ವೀರ, ತಪ್ಪಿದರೆ ಸೋಲಿಗೆ ಆತನೇ ಹೊಣೆ. ಇದನ್ನೇ ಓದಿಕೊಂಡು ಬಂದ ಆಟಗಾರರೂ ಕೆಲವು ಕೋಚ್‌ಗಳೂ, ಕೊನೆಯ ನಿಮಿಷ ಬಂತೆಂದರೆ ಚೆಂಡನ್ನು ಒಬ್ಬನಿಗೆ ಕೊಟ್ಟು ಉಳಿದ ನಾಲ್ವರು ದೂರ ಸರಿದು ನಿಲ್ಲುವುದೇ ಸರಿ ಎಂದು ನಂಬಿಬಿಟ್ಟಿದ್ದಾರೆ. ಗೆಲ್ಲಬಹುದಾದ ಎಷ್ಟೋ ಪಂದ್ಯಗಳು ಈ ನಂಬಿಕೆಯಿಂದಲೇ ಕೈತಪ್ಪುತ್ತಿವೆ. ಚೆಂಡು ಮೊದಲು ತಂಡದ ಅತ್ಯುತ್ತಮ ಆಟಗಾರನ ಕೈಗೇ ಹೋಗಲಿ, ಅದರಲ್ಲಿ ತಕರಾರಿಲ್ಲ. ಆದರೆ ಶಾಟ್ ಯಾರದು ಎಂಬುದನ್ನು ಎದುರಾಳಿಯ ಡಿಫೆನ್ಸ್ ನೋಡಿ ತೀರ್ಮಾನಿಸಬೇಕು. ಟೈಮ್‌ಔಟ್‌ನಲ್ಲೇ ಅದನ್ನು ನಿರ್ಧರಿಸಿಕೊಂಡು ಬರಬಾರದು.

ಒಂದು ಅಂಕ ಹಿಂದಿದ್ದೇವೆ, 18 ಸೆಕೆಂಡು ಉಳಿದಿದೆ ಎಂದುಕೊಳ್ಳಿ. ಸಾಮಾನ್ಯವಾಗಿ ಆಗುವುದೇನು? ತಾರಾ ಆಟಗಾರ ಮಧ್ಯರೇಖೆಯ ಹತ್ತಿರ ಚೆಂಡು ತಟ್ಟುತ್ತಾ ನಿಲ್ಲುತ್ತಾನೆ. 5 ಸೆಕೆಂಡು ಉಳಿದಾಗ ನುಗ್ಗುತ್ತಾನೆ. ಫ್ರೀ ಥ್ರೋ (ಫೌಲ್ ಆದಾಗ ಸಿಗುವ, ಯಾರೂ ತಡೆಯದ ಎಸೆತ) ಗೆರೆಯ ಬಳಿ ಎರಡನೇ ಡಿಫೆಂಡರ್ ಅಡ್ಡ ಬರುತ್ತಾನೆ, ಏಕೆಂದರೆ ಅವನು ಕಾಯಬೇಕಾದವನು ಕಂಬದಂತೆ ನಿಂತಿರುತ್ತಾನೆ, ಬಿಟ್ಟು ಬಂದರೆ ನಷ್ಟವಿಲ್ಲ. ಮುಖದ ಮುಂದೆ ಕೈ ಇರುವಾಗಲೇ ಹಿಂದೆ ಜಿಗಿದು ಹೊಡೆದ ಶಾಟ್ ರಿಂಗಿಗೆ ಬಡಿದು ಚಿಮ್ಮುತ್ತದೆ. ನಾಲ್ವರೂ ಚೆಂಡನ್ನೇ ನೋಡುತ್ತಿದ್ದರಿಂದ ರೀಬೌಂಡ್‌ಗೆ, ಅಂದರೆ ಚಿಮ್ಮಿದ ಚೆಂಡು ಹಿಡಿಯಲು, ಯಾರೂ ಒಳಗಿಲ್ಲ. ಇದ್ದರೂ ಮತ್ತೆ ಹೊಡೆಯಲು ಸಮಯವಿಲ್ಲ.

ಅದೇ ಆಟವನ್ನು 11 ಸೆಕೆಂಡು ಇರುವಾಗ ಶುರುಮಾಡಿ. ಎತ್ತರದ ಆಟಗಾರ ಮೇಲೆ ಬಂದು ಸ್ಕ್ರೀನ್ ಇಡಲಿ, ಅಂದರೆ ಚೆಂಡು ಹಿಡಿದವನ ಡಿಫೆಂಡರ್‌ಗೆ ಅಡ್ಡವಾಗಿ ನಿಲ್ಲಲಿ. ಇಬ್ಬರು ಡಿಫೆಂಡರ್‌ಗಳು ಚೆಂಡಿನ ಮೇಲೆ ಹಾರಿದರೆ ಅದು ನಮಗೆ ಬಂದ ವರ. ಸ್ಕ್ರೀನ್ ಇಟ್ಟವನು ತಡಮಾಡದೆ ಫ್ರೀ ಥ್ರೋ ಗೆರೆಗೆ ಜಾರಬೇಕು, ಇಬ್ಬರ ನಡುವಿನ ಸಂದು ಮುಚ್ಚುವ ಮೊದಲೇ ಪಾಸ್ ಅವನ ಕೈ ಸೇರಬೇಕು. ಈಗ ನಮ್ಮ ನಾಲ್ವರ ಎದುರು ಅವರ ಮೂವರು. ರಿಂಗಿನ ಬಳಿಯ ಡಿಫೆಂಡರ್ ಮೇಲೆ ಬಂದರೆ ಅವನ ಬೆನ್ನ ಹಿಂದೆ ಬೇಸ್‌ಲೈನ್‌ನಲ್ಲಿ (ರಿಂಗಿನ ಹಿಂದಿನ ಅಂಚುಗೆರೆಯ ಬಳಿ) ನಿಂತವನಿಗೆ ಲೇಅಪ್, ಅಂದರೆ ರಿಂಗಿನ ಪಕ್ಕದಿಂದಲೇ ಸುಲಭದ ಶಾಟ್. ಬರದಿದ್ದರೆ ಚೆಂಡು ಹಿಡಿದವನೇ ಒಳಗೆ ಹೋಗುತ್ತಾನೆ. ಮೂಲೆಯ ಡಿಫೆಂಡರ್ ಒಳಗೆ ಕುಸಿದರೆ ಮೂಲೆಯವನಿಗೆ ಬಯಲು. ಇದು ಕೆಡುವುದು ಹೆಚ್ಚಾಗಿ ಆ ಮೂಲೆಯಲ್ಲೇ. ಅಲ್ಲಿ ನಿಂತವನು ಚೆಂಡಿನ ಆಸೆಗೆ ಎರಡು ಹೆಜ್ಜೆ ಒಳಗೆ ಬಂದರೆ ಸಾಕು, ಒಬ್ಬನೇ ಡಿಫೆಂಡರ್ ಇಬ್ಬರನ್ನು ಕಾಯಬಲ್ಲ. ಫಿಬಾ (ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟ) ಅಳತೆಯ ಅಂಗಳದಲ್ಲಿ ಮೂಲೆಯ ತ್ರೀ (ಮೂರು ಅಂಕದ ಶಾಟ್) ಗೆರೆಗೂ ಪಕ್ಕದ ಗೆರೆಗೂ ಇರುವ ಅಂತರ 90 ಸೆಂಟಿಮೀಟರ್ ಮಾತ್ರ. ಪಾದ ಮೊದಲೇ ಊರಿಕೊಂಡಿರದಿದ್ದರೆ ಹಿಮ್ಮಡಿ ಗೆರೆ ತುಳಿದು ಚೆಂಡು ಎದುರಾಳಿಯ ಪಾಲಾಗುತ್ತದೆ.

ಬೇಗ ಶುರುಮಾಡಿದರೆ ಇನ್ನೊಂದು ಲಾಭ, ಒಳಗೆ ನುಗ್ಗಿ ಫೌಲ್ ಗಳಿಸಲು ಸಮಯ ಸಿಗುತ್ತದೆ. ನೂರಕ್ಕೆ 75ರಂತೆ ಫ್ರೀ ಥ್ರೋ ಹಾಕುವ ಸಾಧಾರಣ ಆಟಗಾರನಿಗೆ ಎರಡು ಎಸೆತ ಸಿಕ್ಕರೆ ಒಂದಾದರೂ ಬೀಳುವ ಸಾಧ್ಯತೆ ನೂರಕ್ಕೆ ಸುಮಾರು 94, ಎರಡೂ ಬೀಳುವ ಸಾಧ್ಯತೆ 56. ಇಬ್ಬರ ಕೈಗಳ ಮೇಲಿಂದ ಹೊಡೆಯುವ ದೂರದ ಶಾಟ್ ಎಂಥ ನಿಪುಣನದಾದರೂ ಅಷ್ಟು ಬೀಳುವುದಿಲ್ಲ.

ಮೈಕೆಲ್ ಜೋರ್ಡನ್ ಅವರ ಹೆಸರು ಈ ಚರ್ಚೆಯಲ್ಲಿ ಬಂದೇ ಬರುತ್ತದೆ. ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ 1998ರ ಫೈನಲ್ ಸರಣಿಯ ಆರನೇ ಪಂದ್ಯವನ್ನು 87–86ರಲ್ಲಿ ಗೆಲ್ಲಿಸಿದ ಅವರ ಶಾಟ್ ಎಲ್ಲರಿಗೂ ನೆನಪಿದೆ. 1993ರ ಫೈನಲ್‌ನ ಆರನೇ ಪಂದ್ಯ ನೆನಪಿರುವುದು ಕಡಿಮೆ. ಮೂರನೇ ಕ್ವಾರ್ಟರ್ ಮುಗಿದಾಗ ಅವರ ತಂಡ ಶಿಕಾಗೊ ಬುಲ್ಸ್ ಎಂಟು ಅಂಕ ಮುಂದಿತ್ತು. ಕೊನೆಯ ಕ್ವಾರ್ಟರ್‌ನಲ್ಲಿ ಅದು ಗಳಿಸಿದ ಮೊದಲ ಒಂಬತ್ತೂ ಅಂಕ ಜೋರ್ಡನ್ ಒಬ್ಬರದೇ, ಆದರೆ ತಂಡ ಅಷ್ಟರಲ್ಲಿ ಎರಡು ಅಂಕ ಹಿಂದೆ ಬಿದ್ದಿತ್ತು. ಆಗ ಚೆಂಡು ಜೋರ್ಡನ್‌ರಿಂದ ಸಹ ಆಟಗಾರ ಪಿಪ್ಪೆನ್‌ಗೆ, ಪಿಪ್ಪೆನ್‌ರಿಂದ ಗ್ರಾಂಟ್‌ಗೆ, ಅಲ್ಲಿಂದ ತ್ರೀ ಗೆರೆಯಾಚೆ ಒಂಟಿಯಾಗಿ ನಿಂತಿದ್ದ ಜಾನ್ ಪ್ಯಾಕ್ಸನ್‌ಗೆ ಹೋಯಿತು. 3.9 ಸೆಕೆಂಡು ಉಳಿದಿತ್ತು. ಬುಲ್ಸ್ 99–98ರಲ್ಲಿ ಗೆದ್ದಿತು. 1997ರಲ್ಲಿ ಮತ್ತೆ ಆರನೇ ಪಂದ್ಯ, 86–86ರ ಸಮ. ಜೋರ್ಡನ್ ಮೇಲೆ ಬೀಳಲು ಎದುರಾಳಿ ತಂಡದ ಸ್ಟಾಕ್ಟನ್, ಬುಲ್ಸ್‌ನ ಸ್ಟೀವ್ ಕೆರ್‌ರನ್ನು ಬಿಟ್ಟು ಬಂದರು. ಆ ಪಂದ್ಯದಲ್ಲಿ 39 ಅಂಕ ಹೊಡೆದಿದ್ದ ಜೋರ್ಡನ್ ಚೆಂಡನ್ನು ಕೆರ್‌ಗೆ ದಾಟಿಸಿದರು, ಕೆರ್ ಹಾಕಿದರು. ಪಾಸ್ ಮಾಡಬಲ್ಲರು ಎಂಬ ಈ ಭಯ ಎದುರಾಳಿಗಳಲ್ಲಿ ಇದ್ದುದರಿಂದಲೇ ಅವರನ್ನು ಎದುರಿಸುವುದು ಅಷ್ಟು ಕಷ್ಟವಾಗಿತ್ತು ಎಂದು ನಾನು ನಂಬುತ್ತೇನೆ.

ಒಬ್ಬನನ್ನೇ ನೆಚ್ಚಿಕೊಂಡರೆ ಅವನ ಕಾಲು ಸೋತಾಗ ತಂಡವೂ ಸೋಲುತ್ತದೆ. ಅವನ ಶಾಟ್‌ಗಳು ಒಂದಾದ ಮೇಲೊಂದು ರಿಂಗಿನ ಮುಂಭಾಗಕ್ಕೆ ಬಡಿಯತೊಡಗಿದರೆ ಗುರಿ ಕೆಟ್ಟಿದೆ ಎಂದಲ್ಲ, ಕಾಲಿನಲ್ಲಿ ಕಸುವಿಲ್ಲ ಎಂದು ತಿಳಿಯಬೇಕು. ಮೂರನೇ ಕ್ವಾರ್ಟರ್‌ನ ಕೊನೆಯ ಒಂದೂವರೆ ನಿಮಿಷ ಮತ್ತು ನಾಲ್ಕನೆಯದರ ಮೊದಲ ಒಂದೂವರೆ ನಿಮಿಷ ಅವನನ್ನು ಕೂರಿಸಿದರೆ, ನಡುವಿನ 2 ನಿಮಿಷದ ವಿರಾಮವೂ ಸೇರಿ ಒಳ್ಳೆಯ ವಿಶ್ರಾಂತಿ ಸಿಗುತ್ತದೆ. ಫಿಬಾ ನಿಯಮದಲ್ಲಿ ಐದನೇ ಫೌಲ್‌ಗೆ ಆಟಗಾರ ಹೊರಗೆ, ಅದನ್ನೂ ಲೆಕ್ಕದಲ್ಲಿ ಇಟ್ಟುಕೊಳ್ಳಬೇಕು. ಗಾಯವಂತೂ ಹೇಳಿ ಕೇಳಿ ಬರುವುದಿಲ್ಲ. 2025ರ ಎನ್‌ಬಿಎ ಫೈನಲ್‌ನ ಮೊದಲ ಪಂದ್ಯವನ್ನು 0.3 ಸೆಕೆಂಡು ಇರುವಾಗ ಗೆದ್ದುಕೊಟ್ಟ ಟೈರೀಸ್ ಹ್ಯಾಲಿಬರ್ಟನ್, ಏಳನೇ ಪಂದ್ಯದ ಮೊದಲ ಕ್ವಾರ್ಟರ್‌ನಲ್ಲೇ ಗಾಯಗೊಂಡು ಹೊರಹೋದರು. ಆದರೂ ಇಂಡಿಯಾನಾ ಪೇಸರ್ಸ್ ಅರ್ಧ ಆಟ ಮುಗಿದಾಗ 48–47ರಲ್ಲಿ ಮುಂದಿತ್ತು. ಕೊನೆಗೆ ಸೋತಿತು ನಿಜ, ಆದರೆ ಎಲ್ಲರ ಕೈಗೂ ಚೆಂಡು ಹೋಗುವ ರೂಢಿ ಇಲ್ಲದಿದ್ದರೆ ಅಷ್ಟು ಹೊತ್ತೂ ನಿಲ್ಲುತ್ತಿರಲಿಲ್ಲ.

ಮೂರು ನಾಲ್ಕು ಸೆಕೆಂಡು ಮಾತ್ರ ಉಳಿದಿದ್ದರೆ ಮಾತು ಬೇರೆ. ಆಗ ಪಾಸ್‌ಗಳಿಗೆ ಪುರುಸೊತ್ತಿಲ್ಲ, ಒಂಟಿಯಾಗಿ ಶಾಟ್ ಹುಟ್ಟಿಸಬಲ್ಲವನೇ ಬೇಕು. ಅಂಥವನೊಬ್ಬನೂ ಇಲ್ಲದ ತಂಡ ಕಷ್ಟಪಡುತ್ತದೆ, ಒಪ್ಪುತ್ತೇನೆ. ಆಗಲೂ ಚೆಂಡನ್ನು ಗೆರೆಯಾಚೆಯಿಂದ ಒಳಗೆ ಕೊಡಲು ಇರುವುದು 5 ಸೆಕೆಂಡು, ಎದುರಾಳಿ ಅವನನ್ನು ಬಿಗಿಯಾಗಿ ತಡೆದಿರುತ್ತಾನೆ. ಅವನಿಂದಲೇ ಮೊದಲು ಬೇರೊಬ್ಬನಿಗೆ ಸ್ಕ್ರೀನ್ ಇಡಿಸಿ. ಅವನ ಡಿಫೆಂಡರ್ ಅವನನ್ನು ಬಿಟ್ಟು ನೆರವಿಗೆ ಹೋಗಲು ಹೆದರುತ್ತಾನೆ, ಹಾಗಾಗಿ ಆ ಬೇರೊಬ್ಬ ಕಾವಲಿಲ್ಲದೆ ಸಿಗುತ್ತಾನೆ.

ಇದೆಲ್ಲ ಪಂದ್ಯದ ದಿನ ಹೇಳಿದರೆ ಬರುವುದಿಲ್ಲ. ಅಭ್ಯಾಸದ ಕೊನೆಯ 10 ನಿಮಿಷ, ಎಲ್ಲರೂ ದಣಿದಿರುವಾಗ, ಗಡಿಯಾರದಲ್ಲಿ 40 ಸೆಕೆಂಡು ಇಟ್ಟು ಎರಡು ಅಂಕ ಹಿಂದಿನಿಂದ ಆಡಿಸಬೇಕು. ಹತ್ತರಲ್ಲಿ ಮೂರು ಬಾರಿ ತಾರಾ ಆಟಗಾರ ಪಾಸ್ ಮಾತ್ರ ಮಾಡಬಹುದು, ಶಾಟ್ ಹೊಡೆಯುವಂತಿಲ್ಲ ಎಂಬ ಷರತ್ತು ಹಾಕಿ. ಮೊದಲ ವಾರ ಉಳಿದವರ ಕೈ ನಡುಗುತ್ತದೆ. ನಡುಗಲಿ, ಅಲ್ಲೇ ನಡುಗಿ ಮುಗಿಯಲಿ. ಫ್ರೀ ಥ್ರೋ ಅಭ್ಯಾಸವನ್ನು ಒಂದೇ ಬಾರಿಗೆ ಐವತ್ತು ಎಸೆದು ಮುಗಿಸಬೇಡಿ. ಅಂಗಳದ ಉದ್ದ ಎರಡು ಸಲ ಓಡಿ ಬಂದು ಎರಡೇ ಎಸೆಯಬೇಕು, ಪಂದ್ಯದಲ್ಲಿ ಹಾಗೇ ಅಲ್ಲವೇ ಸಿಗುವುದು? ನಾವು ಮುಂದಿದ್ದು ಎದುರಾಳಿ ಬೇಕೆಂದೇ ಫೌಲ್ ಮಾಡುವಾಗ ಅವನು ಹುಡುಕುವುದು ನಮ್ಮ ಅತಿ ದುರ್ಬಲ ಶೂಟರ್‌ನನ್ನೇ.

ಪತ್ರಿಕೆಗೆ ಒಂದು ವಿನಂತಿ. ಕೊನೆಯ ಶಾಟ್‌ನ ಬಗ್ಗೆ ಬರೆಯುವಾಗ ಆ ಪಾಸ್ ಕೊಟ್ಟವರು ಯಾರು, ಸ್ಕ್ರೀನ್ ಇಟ್ಟವರು ಯಾರು, ಎರಡನೇ ಡಿಫೆಂಡರ್ ಯಾರನ್ನು ಬಿಟ್ಟು ಬಂದ ಎಂಬುದನ್ನೂ ಒಂದು ಸಾಲಿನಲ್ಲಿ ಸೇರಿಸಿ. ಅಂಕಪಟ್ಟಿಯಲ್ಲಿ ಅಂಕಗಳ ಪಕ್ಕ ಅಸಿಸ್ಟ್‌ಗಳಿಗೂ (ಅಂಕಕ್ಕೆ ದಾರಿಮಾಡಿದ ಪಾಸ್‌ಗಳಿಗೂ) ಫ್ರೀ ಥ್ರೋಗಳಿಗೂ ಜಾಗ ಕೊಡಿ.

ಇಂತಿ,
ಒಬ್ಬ ಬ್ಯಾಸ್ಕೆಟ್‌ಬಾಲ್ ತರಬೇತುದಾರ