ಮಗಳೇ, ಆ ಪಾಲಿಸಿ ಬೇಡ

ಪುಟ್ಟೀ,

ಮೊನ್ನೆ ಫೋನಿನಲ್ಲಿ ನನ್ನ ದನಿ ಏರಿತು, ನೀನು ಪಟ್ಟಂತ ಇಟ್ಟುಬಿಟ್ಟೆ. ಕೂಗಾಡಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಹೇಳಿದ ಮಾತನ್ನು ಮಾತ್ರ ಹಿಂದಕ್ಕೆ ತಗೊಳ್ಳುವುದಿಲ್ಲ. ಮ್ಯೂನಿಕ್‌ನಲ್ಲಿ ಪರಿಚಯವಾದ ಆ ಕನ್ನಡದವರು ನಿನಗೆ ಮಾರಿದ ಪಿಂಚಣಿ ಪಾಲಿಸಿ ಬೇಡ.

ಕೆಲಸಕ್ಕೆ ಸೇರಿದ ಮೂರೇ ತಿಂಗಳಿಗೆ ಉಳಿತಾಯದ ಮಾತೆತ್ತಿದೆ ಅಂತ ನಿನ್ನಪ್ಪ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಾರೆ. ನನಗೂ ಹೆಮ್ಮೆಯೇ. ಆದರೆ ನೀನು ಕಳಿಸಿದ ಕಾಗದದಲ್ಲಿ ಖರ್ಚಿನ ಪುಟ ತೆಗೆದು ನೋಡು. ತಿಂಗಳಿಗೆ 300 ಯೂರೋದಂತೆ 30 ವರ್ಷಕ್ಕೆ ನೀನು ಕಟ್ಟುವುದು 1,08,000. ಅದರ ಶೇ 2.5, ಅಂದರೆ 2,700 ಯೂರೋ ಪಾಲಿಸಿ ಮಾರಿದ ಖರ್ಚು. ಇದನ್ನು 30 ವರ್ಷಕ್ಕೆ ಹಂಚುವುದಿಲ್ಲ, ಮೊದಲ ಐದು ವರ್ಷದ ಕಂತಿನಲ್ಲೇ ಮುರಿದುಕೊಳ್ಳುತ್ತಾರೆ. ತಿಂಗಳಿಗೆ 45 ಯೂರೋ ಹಾಗೇ ಹೋಯಿತು. ಮೂರನೇ ವರ್ಷಕ್ಕೆ ಬಿಟ್ಟುಬಿಡುತ್ತೇನೆ ಅಂದರೆ ಕಟ್ಟಿದಷ್ಟೂ ವಾಪಸ್ ಬರದೇ ಇರುವುದು ಇದರಿಂದಲೇ. ಅದೇ ಪುಟದ ಕೆಳಗೆ ‘ಎಫೆಕ್ಟಿವ್‌ಕೋಸ್ಟನ್’ ಶೇ 1.8 ಅಂತಿದೆ, ಅಂದರೆ ಎಲ್ಲ ಖರ್ಚೂ ಸೇರಿ ವರ್ಷದ ಬೆಳವಣಿಗೆಯಲ್ಲಿ ಅಷ್ಟು ಖೋತಾ. ಖರ್ಚಿಗೆ ಮುಂಚೆ ವರ್ಷಕ್ಕೆ ಶೇ 6 ಬೆಳೆಯಿತು ಅಂತಿಟ್ಟುಕೊಂಡರೆ ಪಾಲಿಸಿಯಲ್ಲಿ ಸುಮಾರು 2.13 ಲಕ್ಷ, ಷೇರು ಸೂಚ್ಯಂಕವನ್ನು ಹಾಗೇ ಅನುಸರಿಸುವ, ಶೇ 0.2 ಖರ್ಚಿನ ಇಂಡೆಕ್ಸ್ ಫಂಡ್‌ನಲ್ಲಿ 2.82 ಲಕ್ಷ. ಇದು ತೆರಿಗೆಗೆ ಮುಂಚಿನ ಲೆಕ್ಕ.

ಪಾಲಿಸಿ ಮಾರಿದವರು ಹೇಳಿದ ತೆರಿಗೆ ಲಾಭ ಸುಳ್ಳಲ್ಲ. 12 ವರ್ಷ ಕಳೆದು, ನಿನಗೆ 62 ದಾಟಿದ ಮೇಲೆ ಒಟ್ಟಿಗೆ ತೆಗೆದರೆ ಲಾಭದ ಅರ್ಧಕ್ಕಷ್ಟೇ ತೆರಿಗೆ. 62ರ ತನಕ ಮ್ಯೂನಿಕ್‌ನಲ್ಲೇ ಇರುತ್ತೀಯಾ? ಇದನ್ನು ಪಾಲಿಸಿಗಾಗಿ ಕೇಳುತ್ತಿದ್ದೇನೋ ನನಗಾಗಿಯೋ ಗೊತ್ತಿಲ್ಲ. ಹೋಗಲಿ.

ನನ್ನ ಹೆದರಿಕೆ ದುಡ್ಡಿನದಲ್ಲ, ನಿನ್ನ ದಾಕ್ಷಿಣ್ಯದ್ದು. ಅವರು ರಾಜ್ಯೋತ್ಸವದಲ್ಲಿ ಕನ್ನಡದಲ್ಲಿ ಮಾತಾಡಿಸಿದರು, ವಿಳಾಸ ನೋಂದಣಿಗೆ ಜೊತೆಗೆ ಬಂದರು, ಬಾಡಿಗೆ ಮನೆ ಹುಡುಕಿಕೊಟ್ಟರು. ದೊಡ್ಡ ಉಪಕಾರವೇ. ಅದಕ್ಕೆ ಒಂದು ಡಬ್ಬಿ ಮೈಸೂರ್‌ಪಾಕ್ ಕೊಡು, 30 ವರ್ಷದ ಕಂತು ಕೊಡಬೇಡ. ದಾಕ್ಷಿಣ್ಯಕ್ಕೆ ಬಸಿರಾದರೆ ಹೆರೋಕೆ ಜಾಗ ಇರಲ್ಲ ಅಂತಾರೆ. ‘ಅವರು ಇಷ್ಟೆಲ್ಲ ಮಾಡಿದಾರೆ, ಹೇಗಮ್ಮಾ ಬೇಡ ಅನ್ನೋದು’ ಅಂದೆಯಲ್ಲ, ಆ ಒಂದು ಮಾತಿಗೇ ನನಗೆ ನಿದ್ದೆ ಹೋಗಿದ್ದು. ಇವತ್ತು ಪಾಲಿಸಿ, ನಾಳೆ ಯಾರದ್ದೋ ಸಾಲಕ್ಕೆ ಜಾಮೀನು. ಎದುರಿಗೆ ಬೇಡ ಅನ್ನಲು ಬಾಯಿ ಬರದಿದ್ದರೆ ‘ಅಮ್ಮನ್ನ ಕೇಳಿ ಹೇಳ್ತೀನಿ’ ಅನ್ನು. ಕೆಟ್ಟವಳಾಗುವುದು ನನಗೆ ರೂಢಿಯಾಗಿದೆ.

ಸರಿ, ಏನು ಮಾಡಬೇಕು ಅಂತ ಕೇಳು. ಮೂರು ತಿಂಗಳ ಖರ್ಚನ್ನು ಬೇರೆ ಖಾತೆಯಲ್ಲಿಡು, ಅದನ್ನು ಮುಟ್ಟಬೇಡ. ಆಮೇಲೆ ಫಂಡ್ ಕೊಳ್ಳಲು ಬ್ರೋಕರ್. ನಿನ್ನಂಥವಳಿಗೆ ತೆರಿಗೆಯನ್ನು ತಾನೇ ಹಿಡಿದು ಕಟ್ಟುವ ಜರ್ಮನ್ ಬ್ರೋಕರೇ ಸಾಕು. ಟ್ರೇಡ್ ರಿಪಬ್ಲಿಕ್, ಸ್ಕೇಲಬಲ್, ಐಎನ್‌ಜಿ, ಈ ಮೂರರಲ್ಲೂ ಇಟಿಎಫ್‌ನ, ಅಂದರೆ ಷೇರುಪೇಟೆಯಲ್ಲಿ ಕೊಳ್ಳುವ ಇಂಡೆಕ್ಸ್ ಫಂಡ್‌ನ, ತಿಂಗಳ ಕಂತಿಗೆ ಶುಲ್ಕವಿಲ್ಲ; ನಮ್ಮ ಎಸ್‌ಐಪಿಯನ್ನೇ ಅಲ್ಲಿ ಸ್ಪಾರ್‌ಪ್ಲಾನ್ ಅಂತಾರೆ. ಇಂಟರಾಕ್ಟಿವ್ ಬ್ರೋಕರ್ಸ್ ಒಳ್ಳೆಯದೇ, ಆದರೆ ಅವರು ಜರ್ಮನ್ ತೆರಿಗೆ ಹಿಡಿಯುವುದಿಲ್ಲ. ಪ್ರತಿವರ್ಷ ರಿಟರ್ನ್‌ನಲ್ಲಿ ನೀನೇ ತುಂಬಬೇಕು. ಬ್ರೋಕರ್ ಮುಳುಗಿದರೆ ಅಂತ ಕೇಳಿದ್ದೆ. ಫಂಡ್ ಯೂನಿಟ್‌ಗಳು ನಿನ್ನವು, ಬ್ರೋಕರ್‌ಗೆ ಸಾಲ ಕೊಟ್ಟವರು ಅದಕ್ಕೆ ಕೈ ಹಾಕುವಂತಿಲ್ಲ. ಬ್ಯಾಂಕಿನಲ್ಲಿರುವ ನಗದಿಗೆ 1 ಲಕ್ಷ ಯೂರೋವರೆಗೆ ಖಾತರಿ ಇದೆ.

ಖಾತೆ ತೆರೆಯಲು 11 ಅಂಕಿಯ ತೆರಿಗೆ ಸಂಖ್ಯೆ ಬೇಕು. ತೆರೆದ ದಿನವೇ ‘ಫ್ರೈಷ್ಟೆಲುಂಗ್ಸ್‌ಔಫ್ಟ್ರಾಗ್’ ಅನ್ನುವ ತೆರಿಗೆ ವಿನಾಯಿತಿ ಅರ್ಜಿ ಹಾಕು, 1,000 ಯೂರೋಗೆ. ಹೊಸಬರು ಮರೆಯುವುದು ಇದನ್ನೇ. ವರ್ಷಕ್ಕೆ ಅಷ್ಟು ಲಾಭಕ್ಕೆ ತೆರಿಗೆ ಇಲ್ಲ. ಅರ್ಜಿ ಹಾಕದಿದ್ದರೆ ಮೊದಲ ಯೂರೋದಿಂದಲೇ ಶೇ 26.375 ಹಿಡಿಯುತ್ತಾರೆ. ಜನವರಿಯಲ್ಲಿ ‘ಫೋರಾಬ್‌ಪೌಷಾಲೆ’ ಅಂತ ಬಂದರೆ ಗಾಬರಿಯಾಗಬೇಡ. ಫಂಡ್ ಮಾರದೇ ಇಟ್ಟರೂ ಹಾಕುವ ಮುಂಗಡ ತೆರಿಗೆ ಅದು. 2025ರ ದರ ಶೇ 2.53. ವರ್ಷದ ಆರಂಭಕ್ಕೆ 10,000 ಯೂರೋ ಇದ್ದು ಫಂಡ್ ಸಾಕಷ್ಟು ಏರಿದ್ದರೆ ಆ ದರದ ಶೇ 70ರ ಲೆಕ್ಕದಲ್ಲಿ 177 ಯೂರೋ. ಷೇರು ಫಂಡ್ ಆದ್ದರಿಂದ ಶೇ 30 ಬಿಟ್ಟು 124ಕ್ಕೆ ತೆರಿಗೆ. ಅರ್ಜಿ ಇದ್ದರೆ ಸೊನ್ನೆ, ಇಲ್ಲದಿದ್ದರೆ ಸುಮಾರು 33 ಯೂರೋ.

ಫಂಡ್ ಒಂದೇ ಸಾಕು. ಇಡೀ ಪ್ರಪಂಚದ ಷೇರುಗಳಿರುವ ಎಫ್‌ಟಿಎಸ್‌ಇ ಆಲ್-ವರ್ಲ್ಡ್ ಅಥವಾ ಎಂಎಸ್‌ಸಿಐ ಎಸಿಡಬ್ಲ್ಯೂಐ ಸೂಚ್ಯಂಕದ್ದು. ಎಂಎಸ್‌ಸಿಐ ವರ್ಲ್ಡ್‌ನಲ್ಲಿ ಮುಂದುವರಿದ ದೇಶಗಳಷ್ಟೇ ಇವೆ. ಹೆಸರು ವರ್ಲ್ಡ್, ಒಳಗೆ ಭಾರತವೂ ಇಲ್ಲ ಚೀನಾವೂ ಇಲ್ಲ. ಹೆಸರಿನಲ್ಲಿ ಯುರೋಪಿನ ಫಂಡ್ ನಿಯಮದ ಗುರುತಾದ ಯುಸಿಐಟಿಎಸ್ ಇರಲಿ, ಫಂಡ್‌ನ ಗುರುತಿನ ಸಂಖ್ಯೆ ಐಎಸ್‌ಐಎನ್ ಐರ್ಲೆಂಡಿನ ‘ಐಇ’ಯಿಂದ ಶುರುವಾಗಲಿ. ಐರ್ಲೆಂಡಿನ ಫಂಡ್‌ಗೆ ಅಮೆರಿಕದ ಡಿವಿಡೆಂಡ್ ಮೇಲೆ ಶೇ 15 ಕಡಿತ, ಲಕ್ಸೆಂಬರ್ಗಿನದಕ್ಕೆ ಸಾಮಾನ್ಯವಾಗಿ 30. ಡಿವಿಡೆಂಡನ್ನು ಫಂಡ್‌ನಲ್ಲೇ ಮತ್ತೆ ಹೂಡುವ ‘ಆಕ್’ ಬಗೆಯದ್ದನ್ನು ತಗೋ. ಬಿಡಿಯಾಗಿ ಕೊಳ್ಳುವುದಿದ್ದರೆ 9ರಿಂದ ಸಂಜೆ 5.30ರ ಒಳಗೆ, ಜರ್ಮನಿಯ ಷೇರುಪೇಟೆ ಕ್ಸೆಟ್ರಾ ತೆರೆದಿರುವಾಗ, ಇದಕ್ಕಿಂತ ಹೆಚ್ಚು ಬೆಲೆ ಕೊಡಲ್ಲ ಅಂತ ಮಿತಿ ಹಾಕುವ ಲಿಮಿಟ್ ಆರ್ಡರ್ ಹಾಕು. ರಾತ್ರಿ 10ಕ್ಕೆ ಆ್ಯಪ್ ಕೊಳ್ಳಲು ಬಿಡುತ್ತದೆ, ಆದರೆ ಕೊಳ್ಳುವ ಬೆಲೆಗೂ ಮಾರುವ ಬೆಲೆಗೂ ಅಂತರ ಅಗಲವಾಗಿರುತ್ತದೆ.

ಬೀಳುತ್ತದೆ, ಅದೂ ಗೊತ್ತಿರಲಿ. 2007ರ ಅಕ್ಟೋಬರ್‌ನಿಂದ 2009ರ ಮಾರ್ಚ್‌ಗೆ ಪ್ರಪಂಚದ ಷೇರುಗಳು ಅರ್ಧಕ್ಕಿಂತ ಕೆಳಗೆ ಹೋಗಿದ್ದವು. ಆಗ ಕಂತು ನಿಲ್ಲಿಸಬೇಡ, ನನಗೆ ಫೋನ್ ಮಾಡು. ಬೈಯುವುದಿಲ್ಲ.

ಈಗ ಮೊದಲ ಕೆಲಸ. ಪಾಲಿಸಿ ಪತ್ರ ಕೈಗೆ ಬಂದಿದ್ದು ಹೋದ ಬುಧವಾರ. ಅಲ್ಲಿಂದ 30 ದಿನದೊಳಗೆ ಕಾರಣ ಹೇಳದೆ ರದ್ದು ಮಾಡಬಹುದು. ಪಾಲಿಸಿ ಸಂಖ್ಯೆ ಬರೆದು ‘ವಿಡರ್‌ರೂಫ್’ ಅಂತ ಒಂದೇ ಸಾಲಿನ ಇಮೇಲ್ ಸಾಕು. ನೇರವಾಗಿ ಕಂಪನಿಗೆ ಕಳಿಸು, ಅವರ ಕೈಗೆ ಕೊಡಬೇಡ. ಸಿಕ್ಕಿದೆ ಅಂತ ಉತ್ತರ ಕೇಳು. ರದ್ದಾದ ಮೇಲೂ ಖಾತೆಯಿಂದ ಕಂತು ಎಳೆದುಕೊಂಡರೆ 8 ವಾರದೊಳಗೆ ಬ್ಯಾಂಕಿಗೆ ಹೇಳಿ ವಾಪಸ್ ಪಡೆಯಬಹುದು.

ಭಾನುವಾರ ಅವರ ಮನೆಗೆ ಊಟಕ್ಕೆ ಕರೆದಿದ್ದಾರೆ ಅಂದೆ. ಖಂಡಿತ ಹೋಗು. ಇಮೇಲ್ ಮಾತ್ರ ಶನಿವಾರವೇ ಕಳಿಸಿರು.

ನಿನ್ನ
ಅಮ್ಮ